ಕಾಡುದ್ರಾಕ್ಷಿ: ಕಡಿಯುವ ಮುನ್ನ ಆಸರೆ ನೋಡಿ

ಬೇಲಿಯಂಚಿನಲ್ಲೋ ಮರದ ಬುಡದಲ್ಲೋ ತಾನಾಗಿ ಎದ್ದ ಕಾಡುದ್ರಾಕ್ಷಿಯನ್ನು ಕಂಡವರು ಕೇಳುವುದೆಲ್ಲ ಬಳ್ಳಿಯ ಬಗ್ಗೆಯೇ. ಹಣ್ಣು ತಿನ್ನಬಹುದೇ, ಎಷ್ಟು ಎತ್ತರ ಏರುತ್ತದೆ, ಕಡಿದರೆ ಸಾಯುತ್ತದೆಯೇ. ಮೊದಲು ನೋಡಬೇಕಾದ್ದು ಅದರ ಆಸರೆಯನ್ನು. ಗಟ್ಟಿ ಕಂಬಗಳ ತಂತಿಬೇಲಿಯ ಮೇಲೆ ಹಬ್ಬಿದರೆ ಅದು ನೆರಳು, ಎಲೆ, ಹಣ್ಣು ಎಲ್ಲವನ್ನೂ ಕೊಡುತ್ತದೆ. ಅದೇ ಬಳ್ಳಿ ಎಳೆಮರವೊಂದರ ನೆತ್ತಿ ಮುಟ್ಟಿದರೆ ಕೆಲವೇ ವರ್ಷಗಳಲ್ಲಿ ಆ ಮರವನ್ನು ಬಗ್ಗಿಸಿ ಕೂರಿಸುತ್ತದೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲಿ ಆಗಬಹುದಾದ ಎರಡು ತಪ್ಪುಗಳ ತೂಕ ಒಂದೇ ಅಲ್ಲ. ಬೇರೂರಿದ ಬಳ್ಳಿಯನ್ನು ನೆಲಮಟ್ಟಕ್ಕೆ ಕಡಿದರೂ ಬಿಸಿಲಿದ್ದರೆ ಅದು ಮತ್ತೆ ಚಿಗುರುತ್ತದೆ. ಮನಸ್ಸು ಬದಲಾದರೆ ಆ ಚಿಗುರನ್ನೇ ಬೆಳೆಸಿಕೊಳ್ಳಬಹುದು. ಬಳ್ಳಿಯ ಭಾರಕ್ಕೆ ಮುರಿದ ಮರದ ನೆತ್ತಿ ಹಾಗೆ ವಾಪಸ್ ಬರುವುದಿಲ್ಲ. ಆದ್ದರಿಂದ ಬೇಕಾದ ಮರಕ್ಕೆ ಅಪಾಯವಿದೆ ಎಂಬ ಅನುಮಾನ ಬಂದರೆ ಕಡಿಯಿರಿ, ಆಮೇಲೆ ಯೋಚಿಸಿ. ಅಂಥ ಅಪಾಯ ಕಾಣದಿದ್ದರೆ ಒಂದು ವರ್ಷ ಪೂರ್ತಿ ಸುಮ್ಮನೆ ನೋಡಿ: ಹೂ, ಕಾಯಿ, ಎಲೆ ಉದುರಿದ ಮೇಲಿನ ಬತ್ತಲೆ ಕಾಂಡ, ಎಲ್ಲವನ್ನೂ.

ನೋಡುವ ಕೆಲಸ ಶುರುವಾಗುವುದು ಗುರುತಿನಿಂದ. ಉಷ್ಣವಲಯದಲ್ಲಿ ಜನ ಕಾಡುದ್ರಾಕ್ಷಿ ಎನ್ನುವ ಹಲವು ಬಳ್ಳಿಗಳು ಇದೇ ಕುಟುಂಬದ ಬೇರೆ ಕುಲಗಳಿಗೆ, ಸಿಸ್ಸಸ್ ಅಥವಾ ಆಂಪೆಲೊಸಿಸ್ಸಸ್‌ಗೆ, ಸೇರಿದವು. ಈ ಬರಹ ಇರುವುದು ಚಳಿಗಾಲದಲ್ಲಿ ಎಲೆ ಉದುರಿಸುವ ವೈಟಿಸ್ ಕುಲದ ಬಗ್ಗೆ: ಉತ್ತರ ಅಮೆರಿಕದ ರಿಪೇರಿಯಾ, ಲಾಬ್ರುಸ್ಕಾ, ಏಸ್ಟಿವಾಲಿಸ್, ಮಸ್ಕಡೈನ್ ಎನ್ನುವ ರೋಟುಂಡಿಫೋಲಿಯಾ, ಇಂಥವು. ಯುರೋಪು ಮತ್ತು ಪಶ್ಚಿಮ ಏಷ್ಯಾದ ನದಿತೀರದ ಕಾಡುಗಳಲ್ಲಿ ಸಿಲ್ವೆಸ್ಟ್ರಿಸ್ ಎಂಬ ಇನ್ನೊಂದಿದೆ. ನಾವು ತಿನ್ನುವ ದ್ರಾಕ್ಷಿಯ ಮೂಲ ಅದು, ಯುರೋಪಿನಲ್ಲಿ ಈಗ ಅಪರೂಪ. ಅಲ್ಲಿ ನಿಮಗೆ ಸಿಕ್ಕಿದ್ದು ನಿಜವಾಗಿ ಅದೇ ಆಗಿದ್ದರೆ ಕತ್ತರಿ ಕೆಳಗಿಟ್ಟು, ಅಲ್ಲಿನ ಕಾನೂನು ಏನು ಹೇಳುತ್ತದೆಂದು ಮೊದಲು ಕೇಳಿ.

ಗುರುತು ಹಿಡಿಯಲು ಎಲೆಯೊಂದನ್ನೇ ನಂಬಬೇಡಿ. ಒಂದೇ ಬಳ್ಳಿಯಲ್ಲಿ ಸೀಳಿದ ಎಲೆಯೂ ಸೀಳದ ಎಲೆಯೂ ಇರುತ್ತವೆ. ಬಲಿತ ಕಾಂಡದ ತೊಗಟೆ ಉದ್ದುದ್ದ ಪಟ್ಟಿಗಳಾಗಿ ಸುಲಿಯುತ್ತದೆಯೇ ನೋಡಿ. ಪೆನ್ಸಿಲ್ ದಪ್ಪದ ಕಡ್ಡಿಯೊಂದನ್ನು ಉದ್ದಕ್ಕೆ ಸೀಳಿದರೆ ಒಳಗಿನ ತಿರುಳು ಕಂದು ಬಣ್ಣದ್ದಾಗಿರಬೇಕು, ಗೆಣ್ಣಿನ ಬಳಿ ತಿರುಳಿಗೆ ಅಡ್ಡಗೋಡೆ ಇರಬೇಕು. ಎಲೆಯ ಎದುರಿಗೆ ಕವಲೊಡೆದ ಕುಡಿಬಳ್ಳಿ, ಅಂದರೆ ಆಸರೆಗೆ ಸುತ್ತಿಕೊಳ್ಳುವ ಎಳೆ, ಇರುತ್ತದೆ. ಸಾಮಾನ್ಯವಾಗಿ ಎರಡು ಗೆಣ್ಣಿನಲ್ಲಿದ್ದು ಮೂರನೆಯದರಲ್ಲಿ ಇರುವುದಿಲ್ಲ. ಲಾಬ್ರುಸ್ಕಾದಲ್ಲಿ ಮಾತ್ರ ಸಾಲಾಗಿ ಪ್ರತಿ ಗೆಣ್ಣಿನಲ್ಲೂ ಬರುತ್ತದೆ. ಮಸ್ಕಡೈನ್ ಈ ಲೆಕ್ಕವನ್ನೆಲ್ಲ ಮುರಿಯುತ್ತದೆ: ತೊಗಟೆ ಸುಲಿಯುವುದಿಲ್ಲ, ಕುಡಿಬಳ್ಳಿ ಕವಲೊಡೆಯುವುದಿಲ್ಲ, ಗೆಣ್ಣಿನಲ್ಲಿ ಅಡ್ಡಗೋಡೆಯೂ ಇಲ್ಲ.

ಹೋಲುವ ಬಳ್ಳಿಗಳ ಪೈಕಿ ಅಪಾಯಕಾರಿ ಎಂದರೆ ಉತ್ತರ ಅಮೆರಿಕದ ಮೂನ್‌ಸೀಡ್. ಕಪ್ಪು ಹಣ್ಣಿನ ಗೊಂಚಲು ಥೇಟ್ ಕಾಡುದ್ರಾಕ್ಷಿಯಂತೆಯೇ ಇರುತ್ತದೆ, ಆದರೆ ವಿಷ. ಅದಕ್ಕೆ ಕುಡಿಬಳ್ಳಿ ಇಲ್ಲ. ತಾನೇ ಸುತ್ತಿಕೊಂಡು ಏರುತ್ತದೆ. ಎಲೆಯಂಚಿನಲ್ಲಿ ಹಲ್ಲುಗಳಿಲ್ಲ. ತೊಟ್ಟು ಎಲೆಯ ಅಂಚಿಗಲ್ಲದೆ ಅಂಚಿನಿಂದ ತುಸು ಒಳಗೆ, ಅಡಿಭಾಗಕ್ಕೆ ಅಂಟಿರುತ್ತದೆ. ಹಣ್ಣು ಹಿಸುಕಿದರೆ ಒಂದೇ ಬೀಜ, ಚಪ್ಪಟೆ, ಅರ್ಧಚಂದ್ರದಂತೆ ಬಾಗಿದ್ದು. ದ್ರಾಕ್ಷಿಯಲ್ಲಿ ಒಂದರಿಂದ ನಾಲ್ಕು ಬೀಜ, ಒಂದು ತುದಿ ಚೂಪಾದವು. ಬೀಜ ನೋಡದೆ ಬಾಯಿಗೆ ಹಾಕಬೇಡಿ. ವರ್ಜೀನಿಯಾ ಕ್ರೀಪರ್ ಗುರುತಿಸುವುದು ಸುಲಭ: ಒಂದು ತೊಟ್ಟಿಗೆ ಐದು ಎಲೆಗಳು, ಹಣ್ಣು ತಿನ್ನಬಾರದ್ದು. ಪೋರ್ಸಲಿನ್ ಬೆರಿಯ ತಿರುಳು ಬಿಳಿ, ತೊಗಟೆ ಸುಲಿಯದು, ಹಣ್ಣು ನೀಲಿ ನೇರಳೆ ಹಸಿರು ಬಣ್ಣಗಳ ಬೆರಕೆ. ಪೂರ್ವ ಏಷ್ಯಾದಿಂದ ಅಮೆರಿಕಕ್ಕೆ ಹೋಗಿ ಅಲ್ಲಿ ಹಾವಳಿಯಾಗಿರುವ ಬಳ್ಳಿ ಇದು. ಅಲ್ಲಿ ಕಂಡರೆ ಇಡಬೇಕೋ ಬೇಡವೋ ಎಂಬ ಚರ್ಚೆಯೇ ಬೇಕಿಲ್ಲ, ತೆಗೆಯಿರಿ.

ಮರವನ್ನು ತಬ್ಬಿದ ಕಾಂಡದ ಮೇಲೆ ಕೂದಲಿನಂಥ ಬೇರುಗಳು ದಟ್ಟವಾಗಿದ್ದರೆ ಮುಟ್ಟಲೇಬೇಡಿ. ಅದು ಪಾಯ್ಸನ್ ಐವಿ ಇರಬಹುದು. ಚಳಿಗಾಲದ ಬತ್ತಲೆ ಕಾಂಡವೂ ಮೈಮೇಲೆ ಬೊಕ್ಕೆ ಏಳಿಸುತ್ತದೆ, ಸುಟ್ಟರೆ ಹೊಗೆ ಶ್ವಾಸಕೋಶಕ್ಕೆ ಹೋಗುತ್ತದೆ. ಕಾಡುದ್ರಾಕ್ಷಿಯೂ ಪಾಯ್ಸನ್ ಐವಿಯೂ ಒಂದೇ ಮರ ಹತ್ತಿರುವುದು ಅಪರೂಪವೇನಲ್ಲ.

ಗುರುತು ಸಿಕ್ಕಿತು ಅನ್ನೋಣ. ಮುಂದಿನ ಪ್ರಶ್ನೆ, ಇದು ಗಂಡೋ ಹೆಣ್ಣೋ? ತೋಟದ ದ್ರಾಕ್ಷಿಯ ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗ ಕೆಲಸ ಮಾಡುತ್ತವೆ. ಕಾಡುದ್ರಾಕ್ಷಿಯಲ್ಲಿ ಗಂಡುಬಳ್ಳಿ ಬೇರೆ, ಹೆಣ್ಣುಬಳ್ಳಿ ಬೇರೆ. ಗಂಡುಬಳ್ಳಿಗೆ ಎಷ್ಟು ಗೊಬ್ಬರ ಹಾಕಿದರೂ, ಹೇಗೆ ಸವರಿದರೂ ಹಣ್ಣು ಬಿಡದು. "ಈ ವರ್ಷ ಬಿಡಬಹುದು" ಎಂದು ವರ್ಷಗಟ್ಟಲೆ ಕಾಯುವವರು ಇದೊಂದನ್ನು ನೋಡಿದ್ದರೆ ಸಾಕಿತ್ತು. ವಸಂತದ ಕೊನೆಯಲ್ಲಿ ಹೂವಿನ ಹಸಿರು ಟೋಪಿ ಕಳಚಿ ಬಿದ್ದಾಗ ಭೂತಗನ್ನಡಿ ಹಿಡಿದು ನೋಡಿ. ಗಂಡುಹೂವಿನಲ್ಲಿ ಕೇಸರಗಳು ಉದ್ದವಾಗಿ ನೆಟ್ಟಗೆ ನಿಂತಿರುತ್ತವೆ, ನಡುವೆ ಅಂಡಾಶಯ ಇಲ್ಲವೆಂಬಷ್ಟು ಚಿಕ್ಕದು. ಹೆಣ್ಣುಹೂವಿನ ನಡುವೆ ಪುಟ್ಟ ಹೂಜಿಯ ಆಕಾರದ ಅಂಡಾಶಯ ಎದ್ದು ಕಾಣುತ್ತದೆ, ಕೇಸರಗಳು ಗಿಡ್ಡ, ಹಿಂದಕ್ಕೆ ಬಾಗಿದವು. ಹೆಣ್ಣುಬಳ್ಳಿ ಕಾಯಿ ಕಟ್ಟಲು ಹತ್ತಿರದಲ್ಲಿ ಗಂಡುಬಳ್ಳಿ ಬೇಕು, ಇಲ್ಲವೇ ಅದೇ ಹೊತ್ತಿಗೆ ಹೂಬಿಡುವ ತೋಟದ ದ್ರಾಕ್ಷಿ. ಹೆಣ್ಣುಬಳ್ಳಿ ಉಳಿಸಿಕೊಂಡು ಪಕ್ಕದ ಗಂಡುಬಳ್ಳಿ ಕಡಿದವರಿಗೆ ಮರುವರ್ಷ ಬೋಳು ಗೊಂಚಲು ಸಿಗುವುದು ಈ ಕಾರಣಕ್ಕೆ.

ಈಗ ಆಸರೆಯ ಮಾತು. ದ್ರಾಕ್ಷಿ ಬಳ್ಳಿ ದಪ್ಪ ಕಾಂಡವನ್ನು ನೇರವಾಗಿ ಏರಲಾರದು. ಅದಕ್ಕೆ ಗೋಡೆಗೆ ಅಂಟುವ ಬೇರಿಲ್ಲ, ಕುಡಿಬಳ್ಳಿ ಸುತ್ತಿಕೊಳ್ಳಲು ಸಣ್ಣ ರೆಂಬೆಯೇ ಬೇಕು. ಹಾಗಿದ್ದೂ 20 ಮೀಟರ್ ಎತ್ತರದ ಮರದ ತುದಿಯಲ್ಲಿ ಅದು ಕಾಣುತ್ತದೆ ಎಂದರೆ, ಮರ ಎಳೆಯದಾಗಿದ್ದಾಗಲೇ ಹಿಡಿದುಕೊಂಡು ಅದರ ಜೊತೆಗೇ ಮೇಲೆ ಹೋಗಿದೆ, ಅಥವಾ ಪಕ್ಕದ ಪೊದೆ, ಸಣ್ಣಮರಗಳನ್ನು ಮೆಟ್ಟಿಲು ಮಾಡಿಕೊಂಡಿದೆ. ಬಲಿತ ಮರದಲ್ಲಿ ಬಳ್ಳಿಯ ಬುಡ ಕಾಂಡದಿಂದ ದೂರದಲ್ಲಿ, ಹಗ್ಗದಂತೆ ನೇತಾಡುವುದು ಇದೇ ಕಾರಣಕ್ಕೆ. ಇದರಿಂದ ಒಂದು ಉಪಯೋಗವಿದೆ: ಒಂಟಿಯಾಗಿ ನಿಂತ, ಕೆಳರೆಂಬೆಗಳಿಲ್ಲದ ದೊಡ್ಡ ಮರಕ್ಕೆ ನೆಲದ ಬಳ್ಳಿಯಿಂದ ಭಯ ಕಡಿಮೆ. ಭಯವಿರುವುದು ಎಳೆಮರಕ್ಕೆ, ಪೊದೆಗೆ, ಕಾಡಿನಂಚಿನ ಮರಕ್ಕೆ.

ಬಳ್ಳಿ ಮರದ ರಸ ಹೀರುವುದಿಲ್ಲ, ಕಾಂಡಕ್ಕೆ ಬೇರಿಳಿಸುವುದಿಲ್ಲ. ಅದು ಕಸಿಯುವುದು ಬೆಳಕನ್ನು. ತನ್ನನ್ನು ತಾನು ಎತ್ತಿ ಹಿಡಿಯಲು ಮರದ ಹಾಗೆ ಗಟ್ಟಿ ಕಾಂಡ ಕಟ್ಟಬೇಕಿಲ್ಲವಾದ್ದರಿಂದ ಇದ್ದಬದ್ದ ಶಕ್ತಿಯನ್ನೆಲ್ಲ ಎಲೆಗೂ ಉದ್ದಕ್ಕೂ ಹಾಕುತ್ತದೆ. ನೆತ್ತಿಯ ಎಲೆಗಳು ಮುಚ್ಚಿಹೋದ ಮರ ನಿಧಾನಕ್ಕೆ ಸೊರಗುತ್ತದೆ. ಬಿರುಗಾಳಿಗೆ ಆ ಎಲೆರಾಶಿ ಹಾಯಿಯಾಗುತ್ತದೆ. ಹಿಮ ಬೀಳುವ ಕಡೆ ಕುಡಿಗಳ ಜಾಲದ ಮೇಲೆ ಮಂಜುಗಡ್ಡೆ ಕಟ್ಟಿ ರೆಂಬೆ ಸೀಳುತ್ತದೆ. ಎರಡು ಮರಗಳನ್ನು ಬಳ್ಳಿ ಹೆಣೆದಿದ್ದರೆ ಒಂದು ಬೀಳುವಾಗ ಇನ್ನೊಂದನ್ನೂ ಎಳೆಯುತ್ತದೆ. ಅಂಥ ಮರ ಉರುಳಿಸುವ ಕೆಲಸವಿದ್ದರೆ ಅದು ನುರಿತವರಿಗೇ ಬಿಡಬೇಕಾದ ಕೆಲಸ.

ನೋಡುವುದು ಹೇಗೆ? ಬೇಸಿಗೆಯ ನಡುವೆ ಮರದಿಂದ ಅದರ ಎತ್ತರದಷ್ಟೇ ದೂರ ನಿಂತು ನೆತ್ತಿಯನ್ನು ಗಮನಿಸಿ. ಕೆಳರೆಂಬೆಯಲ್ಲಿ ಎಷ್ಟು ಬಳ್ಳಿಯಿದ್ದರೂ ಅಷ್ಟು ಲೆಕ್ಕವಿಲ್ಲ. ತುದಿಯ, ಬಿಸಿಲು ಕಾಣುವ ಎಲೆಗಳಲ್ಲಿ ಮೂರರಲ್ಲಿ ಒಂದು ಪಾಲು ಬಳ್ಳಿಯದ್ದಾಗಿದ್ದರೆ ನನ್ನ ಪ್ರಕಾರ ಅದೇ ಗೆರೆ. ಆ ಮರ ನಿಮಗೆ ಬೇಕಿದ್ದರೆ ಬಳ್ಳಿ ಹೋಗಬೇಕು. ಎಳೆಮರದಲ್ಲಿ ಅಷ್ಟೂ ಕಾಯಬೇಡಿ. ನೇರ ಮೇಲೆ ಹೋಗುವ ಮುಖ್ಯ ಕುಡಿಗೆ ಬಳ್ಳಿ ಸುತ್ತಿಕೊಂಡರೆ ಅದೇ ದಿನ ಬಿಡಿಸಿ, ಏಕೆಂದರೆ ಅಲ್ಲಿ ಬಿದ್ದ ಬಾಗು ಮರದ ಆಯುಸ್ಸಿಡೀ ಉಳಿಯುತ್ತದೆ. ಸತ್ತ ಮರ, ಬೇಡದ ಪೊದೆ, ಕಾಡಿನ ನಡುವಿನ ತೆರಪು, ಇಂಥ ಕಡೆ ಬಳ್ಳಿಯನ್ನು ಅದರ ಪಾಡಿಗೆ ಬಿಡಿ. ಹಕ್ಕಿಗಳಿಗೆ ಹಣ್ಣು, ಗೂಡಿಗೆ ಸುಲಿದ ತೊಗಟೆಯ ನಾರು, ಚಳಿಗಾಲದಲ್ಲಿ ಮರೆ.

ಮನೆಯ ಗೋಡೆಗೆ ಅಂಟಿ ಗಾರೆ ಕೀಳುವ ಜಾತಿ ಇದಲ್ಲ. ಅದರ ಕಣ್ಣು ಮಳೆನೀರಿನ ಕೊಳವೆ, ಸೂರಿನ ಹೆಂಚು, ಕಿಟಕಿಯ ಸರಳುಗಳ ಮೇಲೆ. ಕುಡಿಬಳ್ಳಿ ಮೊದಲ ಬೇಸಿಗೆಯಲ್ಲಿ ಕೈಯಲ್ಲೇ ಬಿಚ್ಚಬಹುದು. ಬಲಿತ ಮೇಲೆ ತಂತಿಯಷ್ಟು ಗಟ್ಟಿ, ಎಳೆದರೆ ಕೊಳವೆಯೇ ಬರುತ್ತದೆ. ವಿದ್ಯುತ್ ತಂತಿ ಹಿಡಿದಿದ್ದರೆ ನೀವು ಮುಟ್ಟಬೇಡಿ, ವಿದ್ಯುತ್ ಕಂಪನಿಗೆ ತಿಳಿಸಿ. ಮರದ ಹಲಗೆಬೇಲಿ ತೇವ ಹಿಡಿದು ಕೊಳೆಯುತ್ತದೆ, ಗಾಳಿಗೆ ವಾಲುತ್ತದೆ.

ಆಸರೆಯ ಆಚೆ ತೀರ್ಮಾನ ಬದಲಿಸುವ ಎರಡು ಸಂಗತಿ ಉಳಿದವು. ಒಂದು, ನಾಯಿ. ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಕೆಡಬಹುದು. ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕು ಎಂಬುದು ಪಶುವೈದ್ಯರ ಈಗಿನ ಅಂದಾಜು, ಕಾಡುದ್ರಾಕ್ಷಿಯಲ್ಲಿ ಅದಕ್ಕೇನೂ ಕೊರತೆಯಿಲ್ಲ. ಬಿದ್ದದ್ದನ್ನೆಲ್ಲ ತಿನ್ನುವ ನಾಯಿ ಓಡಾಡುವ ಅಂಗಳದಲ್ಲಿ ಹೆಣ್ಣುಬಳ್ಳಿ ಬೇಡ. ಇನ್ನೊಂದು, ನೆರೆಯ ದ್ರಾಕ್ಷಿತೋಟ. ಕಪ್ಪು ಕೊಳೆ, ಬೂದಿ ರೋಗ, ಹಣ್ಣು ಕೊರೆಯುವ ಪತಂಗ ಇವೆಲ್ಲ ಕಾಡುಬಳ್ಳಿಯಲ್ಲಿ ಆಶ್ರಯ ಪಡೆದು ತೋಟಕ್ಕೆ ಬರುತ್ತವೆ. ಬಳ್ಳಿಯಲ್ಲೇ ಸುರುಟಿ ಉಳಿದ ಕಪ್ಪು ಹಣ್ಣುಗಳು ಮರುವರ್ಷದ ಕಪ್ಪು ಕೊಳೆಗೆ ಬೀಜವಿದ್ದಂತೆ. ನೂರಿನ್ನೂರು ಮೀಟರಿನಲ್ಲಿ ಯಾರಾದರೂ ದ್ರಾಕ್ಷಿ ಬೆಳೆಯುತ್ತಿದ್ದರೆ ಅವರನ್ನೂ ಕೇಳಿ ತೀರ್ಮಾನಿಸುವುದು ನೆರೆಹೊರೆಯ ಧರ್ಮ.

ತೆಗೆಯುವುದು ನಿಶ್ಚಯವಾದರೆ ಮೊದಲ ನಿಯಮ, ಬಳ್ಳಿಯನ್ನು ಮರದಿಂದ ಕೆಳಗೆ ಎಳೆಯಬೇಡಿ. ಮೇಲೆ ಸಿಕ್ಕಿಕೊಂಡ ಒಣರೆಂಬೆ ಬಳ್ಳಿಯ ಜೊತೆಗೆ ನಿಮ್ಮ ತಲೆಯ ಮೇಲೆ ಬರುತ್ತದೆ, ಹಸಿರೆಂಬೆಗಳೂ ಮುರಿಯುತ್ತವೆ. ಬುಡ ಹುಡುಕಿ, ಒಂದಲ್ಲ, ಎಲ್ಲವನ್ನೂ. ನೆಲಕ್ಕೆ ತಾಗಿದ ಗೆಣ್ಣಿನಲ್ಲಿ ಬಳ್ಳಿ ಬೇರು ಬಿಡುವುದರಿಂದ ಒಂದೇ ಎಂದು ಕಂಡದ್ದಕ್ಕೆ ಮೂರು ನಾಲ್ಕು ಬುಡಗಳಿರಬಹುದು. ಎಲೆಯಿಲ್ಲದ ಕಾಲದಲ್ಲಿ ಇದು ಸುಲಭ. ಪ್ರತಿ ಕಾಂಡವನ್ನೂ ಎದೆಯೆತ್ತರಕ್ಕೆ ಒಮ್ಮೆ, ನೆಲದಿಂದ ಐದು ಸೆಂಟಿಮೀಟರ್ ಎತ್ತರಕ್ಕೆ ಇನ್ನೊಮ್ಮೆ ಕತ್ತರಿಸಿ ನಡುವಿನ ತುಂಡನ್ನು ತೆಗೆದುಬಿಡಿ. ಕತ್ತರಿಸಿದ್ದು ಯಾವುದು, ಬಿಟ್ಟದ್ದು ಯಾವುದು ಎಂದು ದೂರದಿಂದಲೇ ಗೊತ್ತಾಗುತ್ತದೆ, ಕೆಳಗಿನ ಚಿಗುರು ಮೇಲಿನ ಒಣಬಳ್ಳಿಯನ್ನು ಹಿಡಿದು ಮತ್ತೆ ಏರುವುದೂ ತಪ್ಪುತ್ತದೆ. ಎರಡು ಸೆಂಟಿಮೀಟರ್ ದಪ್ಪದವರೆಗೆ ಸಿಕೇಚರ್ ಅಥವಾ ಉದ್ದ ಹಿಡಿಯ ಕತ್ತರಿ ಸಾಕು, ಅದಕ್ಕೂ ದಪ್ಪಕ್ಕೆ ಗರಗಸ. ಮೇಲಿನ ಭಾಗ ಒಣಗಿ, ಎರಡು ಮೂರು ವರ್ಷದಲ್ಲಿ ತುಂಡುತುಂಡಾಗಿ ತಾನೇ ಉದುರುತ್ತದೆ. ಅಲ್ಲಿಯವರೆಗೆ ಆ ಮರದಡಿ ಬೆಂಚು ಹಾಕಬೇಡಿ.

ವಸಂತದ ಆರಂಭದಲ್ಲಿ ಕಡಿದರೆ ಗಾಯದಿಂದ ನೀರು ದಿನಗಟ್ಟಲೆ ಸುರಿಯುತ್ತದೆ. ಬೇರಿನ ಒತ್ತಡಕ್ಕೆ ರಸ ಮೇಲೇರುವ ಕಾಲವದು. ಇದನ್ನು ಕಂಡು ಬಳ್ಳಿ ಸತ್ತೇ ಹೋಗುತ್ತದೆ ಎಂದು ಕೆಲವರು ಹಿಗ್ಗುತ್ತಾರೆ, ಕೆಲವರು ಮರುಗುತ್ತಾರೆ. ಎರಡೂ ವ್ಯರ್ಥ, ಅದರಿಂದ ಬಳ್ಳಿ ಸಾಯುವುದಿಲ್ಲ.

ಸಾಯಿಸುವುದು ಕತ್ತಲೆ. ಕಾಡುದ್ರಾಕ್ಷಿ ನೆರಳು ತಡೆಯದ ಗಿಡ. ದಟ್ಟ ಮರಗಳ ಕೆಳಗೆ ಕಡಿದರೆ ಬುಡದ ಚಿಗುರು ಬೆಳಕಿಲ್ಲದೆ ಕೆಲವು ವರ್ಷಗಳಲ್ಲಿ ತಾನಾಗಿ ಸೋಲುತ್ತದೆ, ಬೇರೇನೂ ಮಾಡಬೇಕಿಲ್ಲ. ಬಿಸಿಲಿನ ಬೇಲಿಯಲ್ಲಿ ಹಾಗಾಗದು. ಅಲ್ಲಿ ಬೆಳವಣಿಗೆಯ ಕಾಲದುದ್ದಕ್ಕೂ ನಾಲ್ಕರಿಂದ ಆರು ವಾರಕ್ಕೊಮ್ಮೆ ಚಿಗುರು ತೆಗೆಯುತ್ತ ಎರಡು ಮೂರು ವರ್ಷ ಬಿಡದೆ ಹಿಡಿಯಬೇಕು, ಬೇರಿನಲ್ಲಿ ಕೂಡಿಟ್ಟ ಶಕ್ತಿ ಮುಗಿಯುವವರೆಗೆ. ಒಂದು ಬೇಸಿಗೆ ಮರೆತರೆ ಎಲೆಗಳು ಮತ್ತೆ ಬೇರು ತುಂಬಿಸುತ್ತವೆ. ಈ ಬೇರಿನ ಗಟ್ಟಿತನಕ್ಕೆ ಇತಿಹಾಸದಲ್ಲೇ ಸಾಕ್ಷಿಯಿದೆ. 1860ರ ದಶಕದಿಂದ ಅಮೆರಿಕ ಮೂಲದ ಫಿಲಾಕ್ಸೆರಾ ಎಂಬ ಬೇರುಹೇನು ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ನೆಲಕಚ್ಚಿಸಿದಾಗ ಉಳಿಸಿದ್ದು ರಿಪೇರಿಯಾ, ರುಪೆಸ್ಟ್ರಿಸ್, ಬರ್ಲಾಂಡಿಯೇರಿಯಂಥ ಅಮೆರಿಕದ ಕಾಡುದ್ರಾಕ್ಷಿಗಳ ಬೇರಿಗೆ ಮಾಡಿದ ಕಸಿ. ಇಂದಿಗೂ ಜಗತ್ತಿನ ಬಹುಪಾಲು ವೈನ್ ದ್ರಾಕ್ಷಿ ನಿಂತಿರುವುದು ಅಂಥ ಬೇರಿನ ಮೇಲೆಯೇ. ಅದನ್ನು ಒಂದೇ ಏಟಿಗೆ ಮುಗಿಸುವ ಆಸೆ ಬೇಡ.

ಎರಡು ಮೂರು ವರ್ಷದೊಳಗಿನ ಸಸಿಯಾದರೆ ಮಳೆ ಬಿದ್ದ ಮರುದಿನ ಗುದ್ದಲಿಯಿಂದ ಬುಡಸಮೇತ ಕೀಳಬಹುದು. ಹಕ್ಕಿಗಳು ಕೂರುವ ಬೇಲಿ, ರೆಂಬೆಗಳ ಕೆಳಗೆ ಹೊಸ ಸಸಿ ಪ್ರತಿವರ್ಷ ಏಳುತ್ತಲೇ ಇರುತ್ತವೆ, ಬೆರಳಲ್ಲಿ ಕೀಳುವಷ್ಟಿರುವಾಗಲೇ ತೆಗೆಯಿರಿ.

ಕಳೆನಾಶಕವನ್ನು ಬಳಸಲೇಬೇಕೆಂದರೆ ಎಲೆಗೆ ಸಿಂಪಡಿಸದೆ ಕತ್ತರಿಸಿದ ಬುಡಕ್ಕೆ ಕುಂಚದಿಂದ ಹಚ್ಚಿ. ಸಿಂಪಡಿಸಿದರೆ ಆಸರೆ ಕೊಟ್ಟ ಮರಕ್ಕೂ ತಗುಲುತ್ತದೆ. ಗ್ಲೈಫೋಸೇಟ್ ಅಥವಾ ಟ್ರೈಕ್ಲೋಪೈರ್, ಲೇಬಲ್ಲಿನಲ್ಲಿ ಬುಡಕ್ಕೆ ಹಚ್ಚಲು ಹೇಳಿದ ಪ್ರಮಾಣದಲ್ಲಿ. ಕತ್ತರಿಸಿದ ಕೆಲವೇ ನಿಮಿಷಗಳಲ್ಲಿ ಹಚ್ಚಬೇಕು, ಗಾಯ ಒಣಗಿದರೆ ಒಳಗಿಳಿಯದು. ದಪ್ಪ ಬುಡದಲ್ಲಿ ತೊಗಟೆಯ ಒಳಮಗ್ಗುಲಿನ ಉಂಗುರಕ್ಕೆ ಹಚ್ಚಿದರೆ ಸಾಕು, ಜೀವವಿರುವುದು ಅಲ್ಲಿ. ಬೇಸಿಗೆಯ ಕೊನೆಯಿಂದ ಎಲೆ ಉದುರುವವರೆಗಿನ ಅವಧಿ ಸರಿಯಾದದ್ದು, ಆಗ ಎಲೆಯ ಸಕ್ಕರೆ ಬೇರಿಗೆ ಇಳಿಯುತ್ತಿರುತ್ತದೆ. ವಸಂತದಲ್ಲಿ ಹಚ್ಚಿದ್ದನ್ನು ಮೇಲೆ ಉಕ್ಕುವ ರಸವೇ ತೊಳೆದುಹಾಕುತ್ತದೆ. 2,4-ಡಿ ಎಂಬ ಕಳೆನಾಶಕ ಬೇಡವೇ ಬೇಡ. ದ್ರಾಕ್ಷಿ ಜಾತಿ ಅದಕ್ಕೆ ವಿಪರೀತ ಸೂಕ್ಷ್ಮ, ಗಾಳಿಯಲ್ಲಿ ತೇಲಿಹೋದ ಅಂಶವೇ ದೂರದ ತೋಟದ ಎಲೆಗಳನ್ನು ಸುರುಟಿಸುತ್ತದೆ. ಇನ್ನು ಕತ್ತರಿಸಿದ ಕಡ್ಡಿಗಳನ್ನು ತೇವದ ನೆಲದ ಮೇಲೆ ರಾಶಿ ಹಾಕಬೇಡಿ, ಬೇರು ಬಿಡುತ್ತವೆ.

ಇಟ್ಟುಕೊಳ್ಳುವ ತೀರ್ಮಾನವಾದರೆ ಮೊದಲು ರುಚಿ ನೋಡಿ. ಕಾಡುಬಳ್ಳಿಗಳು ಬೀಜದಿಂದ ಬಂದವು, ಒಂದರಂತೆ ಇನ್ನೊಂದಿಲ್ಲ. ಪೂರ್ತಿ ಕಪ್ಪಾದ ಮೇಲೂ ವಾರವೆರಡು ವಾರ ಬಿಟ್ಟರೆ ಹುಳಿ ಇಳಿಯುತ್ತದೆ. ಹಿಮ ಬಿದ್ದ ನಂತರದ ರಿಪೇರಿಯಾ ಹಣ್ಣು ಹೆಚ್ಚು ಸಿಹಿ. ಆಗಲೂ ಬಾಯಿ ಒಗರುವಂತಿದ್ದರೆ ಸವರುವಿಕೆಯಿಂದ ಅದು ಅಂಗಡಿಯ ದ್ರಾಕ್ಷಿಯಾಗದು. ರಸ, ಜೆಲ್ಲಿಗೆ ಮಾತ್ರ ಚೆನ್ನ. ರಸ ತೆಗೆಯುವಾಗ ಹಣ್ಣು ಮುಳುಗುವಷ್ಟು ನೀರಿನಲ್ಲಿ ಹತ್ತು ನಿಮಿಷ ಸಣ್ಣಗೆ ಕುದಿಸಿ, ಬೀಜ ಜಜ್ಜದೆ ಸೋಸಿ, ಒಂದೆರಡು ದಿನ ಫ್ರಿಜ್ಜಿನಲ್ಲಿಡಿ. ತಳದಲ್ಲಿ ಮರಳಿನಂತೆ ಟಾರ್ಟಾರಿಕ್ ಆಮ್ಲದ ಲವಣದ ಹರಳು ಕೂರುತ್ತದೆ. ಮೇಲಿನ ರಸವನ್ನಷ್ಟೇ ಬಸಿದುಕೊಂಡರೆ ಹುಳಿಯ ಒಂದು ಪಾಲು ಕಳೆದಂತೆ. ರಾಶಿ ಹಣ್ಣು ಹಿಸುಕುವುದಿದ್ದರೆ ಕೈಗವಸು ಹಾಕಿ, ಆಮ್ಲಕ್ಕೆ ಚರ್ಮ ಉರಿಯುತ್ತದೆ. ಎಲೆ ಬೇಕಿದ್ದರೆ ಬೇಸಿಗೆಯ ಮೊದಲಲ್ಲಿ, ಅಂಗೈ ಅಗಲದ, ಇನ್ನೂ ಎಳೆಯದನ್ನೇ ಕೊಯ್ಯಿರಿ. ಅದಕ್ಕೆ ಗಂಡುಬಳ್ಳಿಯೂ ಆದೀತು.

ಮುದಿ ಗೋಜಲನ್ನು ಬಿಡಿಸಿ ತಂತಿಗೆ ಕಟ್ಟಲು ಹೋಗಿ ಸೋಲುವವರೇ ಹೆಚ್ಚು. ಹೂಗೊಂಚಲು ಬರುವುದು ಹಿಂದಿನ ವರ್ಷದ ಕಡ್ಡಿಯ ಕಣ್ಣುಗಳಿಂದ ಈ ವರ್ಷ ಹೊರಟ ಚಿಗುರಿನಲ್ಲಿ. ಅದೂ ಆ ಕಣ್ಣುಗಳಿಗೆ ಹಿಂದಿನ ಬೇಸಿಗೆಯಲ್ಲಿ ಬಿಸಿಲು ಸಿಕ್ಕಿದ್ದರೆ ಮಾತ್ರ. ಗೋಜಲಿನ ಒಳಗಿನ ಕಡ್ಡಿಗಳಿಗೆ ಆ ಭಾಗ್ಯವಿಲ್ಲ. ಆದ್ದರಿಂದ ಚಳಿಗಾಲದ ಕೊನೆಗೆ ಬಳ್ಳಿಯನ್ನು 15 ಸೆಂಟಿಮೀಟರಿಗೆ ಕಡಿದು ಹೊಸದಾಗಿ ಶುರುಮಾಡುವುದೇ ಹಗುರ. ಬುಡದಿಂದ ಹತ್ತಾರು ಚಿಗುರು ಬರುತ್ತವೆ. ಗಟ್ಟಿಯಾದ ಎರಡನ್ನು ಉಳಿಸಿ ಗೂಟಕ್ಕೆ ಕಟ್ಟಿ, ಮಿಕ್ಕದ್ದು ತೆಗೆಯಿರಿ. ಬೇರು ದೊಡ್ಡದಿರುವುದರಿಂದ ಒಂದೇ ಬೇಸಿಗೆಯಲ್ಲಿ ಮೇಲಿನ ತಂತಿ ಮುಟ್ಟುವುದು ಸಾಮಾನ್ಯ. 2.4 ಮೀಟರಿನ ಕಂಬ, 60 ಸೆಂಟಿಮೀಟರ್ ನೆಲದೊಳಗೆ, ತುದಿಕಂಬಗಳಿಗೆ ಓರೆ ಆಧಾರ. ತುಕ್ಕು ಹಿಡಿಯದ 2.5 ಮಿಲಿಮೀಟರ್ ತಂತಿ ಎರಡು ಸಾಲು, 90 ಸೆಂಟಿಮೀಟರಿಗೆ ಒಂದು, ಕಂಬದ ತುದಿಗೆ ಒಂದು. ಆಮೇಲೆ ಪ್ರತಿ ಚಳಿಗಾಲದ ಕೊನೆಗೆ ಪೆನ್ಸಿಲ್ ದಪ್ಪದ ನಾಲ್ಕು ಕಡ್ಡಿಗಳನ್ನು ತಲಾ ಹತ್ತು ಹನ್ನೆರಡು ಕಣ್ಣುಗಳೊಂದಿಗೆ ಉಳಿಸಿ. ಪ್ರತಿಯೊಂದರ ಬುಡದಲ್ಲೂ ಮುಂದಿನ ವರ್ಷಕ್ಕೆಂದು ಎರಡು ಕಣ್ಣಿನ ತುಂಡೊಂದು ಇರಲಿ. ಉಳಿದದ್ದೆಲ್ಲ ಕತ್ತರಿಗೆ, ಹತ್ತರಲ್ಲಿ ಒಂಬತ್ತು ಪಾಲು ನೆಲಕ್ಕೆ ಬೀಳುತ್ತದೆ. ಕೈ ಹಿಂಜರಿಯುತ್ತದೆ, ಆದರೂ ಬಿಡಬೇಡಿ. ಗೊಬ್ಬರ ಹಾಕಬೇಡಿ, ಎಲೆಯ ಸೊಕ್ಕು ಈಗಾಗಲೇ ಸಾಕಷ್ಟಿದೆ. ಪ್ರತಿವರ್ಷ ಹೀಗೆ ಸವರಲಾರೆ ಎನ್ನುವವರು ಬಳ್ಳಿಯನ್ನು ಮನೆಯ ಹತ್ತಿರ ಇಟ್ಟುಕೊಳ್ಳದಿರುವುದೇ ಮೇಲು.

ಬಳ್ಳಿ ಒಳ್ಳೆಯದು, ಜಾಗ ಕೆಟ್ಟದು ಎಂಬಂಥ ಸಂದರ್ಭವೇ ಹೆಚ್ಚು. ಆಗ ಕಡಿಯುವ ಚಳಿಗಾಲದಲ್ಲೇ ಕಡ್ಡಿ ಉಳಿಸಿಕೊಳ್ಳಿ. ಹಿಂದಿನ ವರ್ಷ ಬಿಸಿಲಿನಲ್ಲಿ ಬಲಿತ, ಪೆನ್ಸಿಲ್ ದಪ್ಪದ, ಮೂರು ನಾಲ್ಕು ಕಣ್ಣಿನ 25ರಿಂದ 30 ಸೆಂಟಿಮೀಟರ್ ತುಂಡುಗಳು. ಕೆಳತುದಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ನೇರವಾಗಿ, ಮೇಲ್ತುದಿಯನ್ನು ಮೇಲಿನ ಕಣ್ಣಿನಿಂದ ಎರಡು ಸೆಂಟಿಮೀಟರ್ ಮೇಲೆ ಓರೆಯಾಗಿ ಕತ್ತರಿಸಿ. ಆಮೇಲೆ ತಲೆಕೆಳಗಾಗಿ ನೆಡುವ ಪ್ರಮಾದ ಆಗದು. ಮೇಲಿನ ಒಂದು ಕಣ್ಣು ಮಾತ್ರ ಹೊರಗೆ ಕಾಣುವಂತೆ ಸಡಿಲ ಮಣ್ಣಿನಲ್ಲಿ ನೆಟ್ಟು ತೇವ ಕಾಯ್ದುಕೊಳ್ಳಿ. ರಿಪೇರಿಯಾ ಸುಲಭವಾಗಿ ಬೇರು ಬಿಡುತ್ತದೆ. ಏಸ್ಟಿವಾಲಿಸ್, ಮಸ್ಕಡೈನ್ ಹಟಮಾರಿಗಳು. ಅವಕ್ಕೆ ಕಡ್ಡಿಗಿಂತ, ತಾಯಿಬಳ್ಳಿಯ ಉದ್ದ ಕುಡಿಯೊಂದನ್ನು ಬಗ್ಗಿಸಿ, ಒಂದು ಗೆಣ್ಣನ್ನು ಹತ್ತು ಸೆಂಟಿಮೀಟರ್ ಮಣ್ಣಿನಲ್ಲಿ ಹೂತು, ಮೇಲೊಂದು ಕಲ್ಲು ಹೇರಿ ಒಂದು ವರ್ಷ ಕಾಯುವುದು ಖಚಿತ. ಹಾಗಾದರೆ ಆ ವರ್ಷ ತಾಯಿಬಳ್ಳಿಯ ಮೇಲ್ಭಾಗ ಕಡಿದರೂ ಆ ಕುಡಿ ಹೊರಟ ಬುಡವನ್ನು ಮುಟ್ಟಬೇಡಿ. ಕಡ್ಡಿಯಿಂದ ಬಂದ ಗಿಡ ತಾಯಿಯ ಲಿಂಗವನ್ನೇ ಪಡೆಯುತ್ತದೆ. ಹಣ್ಣು ಬೇಕಿದ್ದರೆ ಗೊಂಚಲು ತೂಗುತ್ತಿರುವಾಗಲೇ ಆ ಬಳ್ಳಿಗೆ ಬಣ್ಣದ ದಾರವೊಂದನ್ನು ಕಟ್ಟಿಡಿ. ಎಲೆ ಉದುರಿದ ಮೇಲೆ ಗಂಡು ಹೆಣ್ಣು ಬೇರೆ ಮಾಡುವುದು ಕಷ್ಟ.